ಕೆಳಗಿನ ಕಂಪ್ಯೂಟರ್‌ನಲ್ಲಿರುವ ಫೋಲ್ಡರ್ ಮಹಡಿಯ ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತಿಲ್ಲ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಅಪ್ಪನ ಡಿಟಿಪಿ ಕೆಲಸ ನಡೆಯುತ್ತದೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಹಕಾರ ಸಂಘದ ವಾರ್ಷಿಕ ವರದಿ, ಎಲ್ಲವೂ ವಿಂಡೋಸ್ 7 ಇರುವ ಹಳೆಯ ಡೆಸ್ಕ್‌ಟಾಪ್‌ನಲ್ಲಿವೆ. ಅಪ್ಪನಿಗೆ ಬೇಕಾದ ತಂತ್ರಾಂಶ, ಅಕ್ಷರಗಳು, ಮುದ್ರಕ ಎಲ್ಲವೂ ಅದಕ್ಕೆ ಹೊಂದಿಕೊಂಡಿರುವುದರಿಂದ ಅದನ್ನು ಬದಲಿಸುವ ಮಾತಿಗೆ ಅವರು ಒಪ್ಪುವುದಿಲ್ಲ. ಕರಡು ತಿದ್ದುವುದು ನನ್ನ ಕೆಲಸ. ಮಹಡಿಯಲ್ಲಿ ಕುಳಿತು, ನೆಟ್‌ವರ್ಕ್ ಮೂಲಕ ಅವರ ಫೋಲ್ಡರ್ ತೆರೆದು ತಿದ್ದುತ್ತಿದ್ದೆ.

ಈಗ ಎರಡು ಬದಲಾವಣೆಗಳು ಒಟ್ಟಿಗೇ ಆಗಿವೆ. ವಿಂಡೋಸ್ 11 ಪ್ರೊ, 24ಎಚ್2 ಆವೃತ್ತಿಯ ಹೊಸ ಲ್ಯಾಪ್‌ಟಾಪ್ ಬಂದಿದೆ. ಮೇಲೆ ವೈಫೈ ಸರಿಯಾಗಿ ಸಿಗುವುದಿಲ್ಲವೆಂದು ಮಹಡಿಗೆ ಇನ್ನೊಂದು ರೂಟರ್ ಹಾಕಿಸಿದ್ದೇವೆ. ಅಂದಿನಿಂದ ಅಪ್ಪನ ಕಂಪ್ಯೂಟರ್ ನೆಟ್‌ವರ್ಕ್ ಕಿಟಕಿಯಲ್ಲಿ ಕಾಣುವುದೇ ಇಲ್ಲ. ಹೆಸರು ಬರೆದು ತೆರೆಯಲು ಹೋದರೆ 80070035 ಎಂಬ ಸಂಖ್ಯೆಯೊಂದಿಗೆ ನೆಟ್‌ವರ್ಕ್ ದಾರಿ ಸಿಗಲಿಲ್ಲ ಎಂದು ಬರುತ್ತದೆ. ಒಂದು ವಿಡಿಯೋದಲ್ಲಿ ಹೇಳಿದಂತೆ ಎಸ್‌ಎಂಬಿ 1 ಎಂಬ ಹಳೆಯ ಫೈಲ್ ಹಂಚಿಕೆ ವಿಧಾನವನ್ನು ಚಾಲೂ ಮಾಡಿ, ಎರಡೂ ಕಡೆ ಫೈರ್‌ವಾಲ್ ನಿಲ್ಲಿಸಿ ನೋಡಿದೆ. ಏನೂ ಬದಲಾಗಲಿಲ್ಲ. ಇಂಟರ್ನೆಟ್ ಮಾತ್ರ ಎರಡರಲ್ಲೂ ಚೆನ್ನಾಗಿದೆ.

ಜಾಲದಾರಿ

ತುಂಗಾತೀರ ಅವರೇ, ಮೊದಲು ಎರಡೂ ಕಂಪ್ಯೂಟರ್‌ಗಳಲ್ಲಿ ಫೈರ್‌ವಾಲ್ ಮತ್ತೆ ಚಾಲೂ ಮಾಡಿ, ಎಸ್‌ಎಂಬಿ 1 ಅನ್ನು ತೆಗೆದುಬಿಡಿ. ಉಳಿದದ್ದು ಆಮೇಲೆ.

ಕಾರಣ ಹೇಳುತ್ತೇನೆ. ವಿಂಡೋಸ್ ಫೈಲ್ ಹಂಚಿಕೆ ನಡೆಯುವುದು ಎಸ್‌ಎಂಬಿ ಎಂಬ ವಿಧಾನದಲ್ಲಿ. ಅದರ ಮೊದಲ ರೂಪ 1980ರ ದಶಕದ್ದು. 2017ರ ಮೇ ತಿಂಗಳಲ್ಲಿ ಜಗತ್ತಿನ ಎಷ್ಟೋ ಆಸ್ಪತ್ರೆ, ಕಾರ್ಖಾನೆ, ಕಚೇರಿಗಳ ಫೈಲ್‌ಗಳನ್ನು ಬೀಗ ಹಾಕಿ ಹಣ ಕೇಳಿದ ವಾನಾಕ್ರೈ ಹರಡಿದ್ದು ಎಸ್‌ಎಂಬಿ 1ರ ದೋಷದಿಂದಲೇ. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಅನುಸ್ಥಾಪಿಸುವಾಗ ಎಸ್‌ಎಂಬಿ 1 ಬರುವುದೇ ನಿಂತಿತು.

ನಿಮ್ಮ ಮನೆಯಲ್ಲಿ ಅದರ ಅಗತ್ಯವೂ ಇಲ್ಲ. ಎಸ್‌ಎಂಬಿ 1 ಅನಿವಾರ್ಯವಾಗುವುದು ವಿಂಡೋಸ್ ಎಕ್ಸ್‌ಪಿ ಮತ್ತು ಅದರ ಕಾಲದ ಸಾಧನಗಳಿಗೆ. ಎರಡನೆಯ ರೂಪ ವಿಸ್ಟಾದಲ್ಲೇ ಬಂದಿತ್ತು, ವಿಂಡೋಸ್ 7 ಎಸ್‌ಎಂಬಿ 2.1ರಲ್ಲಿ ಮಾತನಾಡುತ್ತದೆ, ವಿಂಡೋಸ್ 11ಕ್ಕೆ ಅದು ಅರ್ಥವಾಗುತ್ತದೆ. ವಿಡಿಯೋ ಮಾಡುವವರು ಈ ವ್ಯತ್ಯಾಸ ಹೇಳದೆ ಎಲ್ಲರಿಗೂ ಒಂದೇ ಮದ್ದು ಕೊಡುವುದನ್ನು ಕಂಡರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಈಗ ಎರಡೂ ಕಂಪ್ಯೂಟರ್‌ಗಳಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಐಪಿಕಾನ್ಫಿಗ್ ಆದೇಶ ಕೊಡಿ. ಐಪಿವಿ4 ವಿಳಾಸ (ಜಾಲದಲ್ಲಿ ಆ ಕಂಪ್ಯೂಟರಿನ ಗುರುತು) ಮತ್ತು ಡೀಫಾಲ್ಟ್ ಗೇಟ್‌ವೇ (ಅದು ಹೊರಗೆ ಹೋಗಲು ಬಳಸುವ ರೂಟರಿನ ವಿಳಾಸ) ಎಂಬ ಎರಡು ಸಾಲುಗಳನ್ನು ಇಲ್ಲಿ ಹಾಕಿ. ಇವು ಮನೆಯೊಳಗಿನ ವಿಳಾಸಗಳಾದ್ದರಿಂದ ಬರೆಯಲು ಅಡ್ಡಿಯಿಲ್ಲ.

ಬಯಲುಸೀಮೆ

ಇನ್ನೊಂದನ್ನೂ ನೋಡಿ. ಲ್ಯಾಪ್‌ಟಾಪ್ ಅತಿಥಿ ವೈಫೈಗೆ ಸೇರಿಕೊಂಡಿಲ್ಲ ತಾನೆ? ಅತಿಥಿ ಜಾಲದಲ್ಲಿರುವ ಸಾಧನಗಳಿಗೆ ಇಂಟರ್ನೆಟ್ ಸಿಗುತ್ತದೆ, ಮನೆಯ ಬೇರೆ ಸಾಧನಗಳು ಸಿಗುವುದಿಲ್ಲ. ಕೆಲವು ರೂಟರ್‌ಗಳಲ್ಲಿ ವೈಫೈ ಸಾಧನಗಳನ್ನು ಒಂದರಿಂದೊಂದು ಬೇರ್ಪಡಿಸುವ ಎಪಿ ಐಸೊಲೇಶನ್ ಎಂಬ ಆಯ್ಕೆ ಇರುತ್ತದೆ. ಅದು ಚಾಲೂ ಆಗಿದ್ದರೆ ಮುಖ್ಯ ವೈಫೈನಲ್ಲೂ ಹೀಗೇ ಆಗಬಹುದು.

ತುಂಗಾತೀರ

ಉತ್ತರಿಸಿದ ಇಬ್ಬರಿಗೂ ಧನ್ಯವಾದ. ಫೈರ್‌ವಾಲ್ ಚಾಲೂ ಮಾಡಿದ್ದೇನೆ, ಎಸ್‌ಎಂಬಿ 1 ತೆಗೆದಿದ್ದೇನೆ. ಅತಿಥಿ ವೈಫೈ ನಮ್ಮಲ್ಲಿಲ್ಲ.

ಅಪ್ಪನ ಡೆಸ್ಕ್‌ಟಾಪ್: 192.168.1.4, ಗೇಟ್‌ವೇ 192.168.1.1
ನನ್ನ ಲ್ಯಾಪ್‌ಟಾಪ್: 192.168.0.103, ಗೇಟ್‌ವೇ 192.168.0.1

ಜಾಲದಾರಿ

ಸಿಕ್ಕಿತು. ಮೂರನೆಯ ಅಂಕಿಯನ್ನು ನೋಡಿ: ಕೆಳಗೆ 1, ಮೇಲೆ 0. ನಿಮ್ಮ ಮನೆಯಲ್ಲಿ ಈಗ ಒಂದಲ್ಲ, ಎರಡು ಜಾಲಗಳಿವೆ. ಹೊಸ ರೂಟರ್ ಹಾಕಿದವರು ಕೆಳಗಿನಿಂದ ಬಂದ ಕೇಬಲನ್ನು ಅದರ ವ್ಯಾನ್ ಕಿಂಡಿಗೆ, ಅಂದರೆ ಹೊರಗಿನ ಇಂಟರ್ನೆಟ್ ಬರುವ ಕಿಂಡಿಗೆ, ಸಿಕ್ಕಿಸಿ ಹೋಗಿರುತ್ತಾರೆ. ಆಗ ಅದು ತನ್ನದೇ ಜಾಲವನ್ನು ಕಟ್ಟಿಕೊಂಡು, ಕೆಳಗಿನ ರೂಟರನ್ನು ಹೊರಗಿನ ಇಂಟರ್ನೆಟ್ ಎಂದೇ ಭಾವಿಸುತ್ತದೆ. ಒಳಗಿನಿಂದ ಹೊರಗೆ ತೆರೆದುಕೊಂಡು, ಹೊರಗಿನಿಂದ ಒಳಗೆ ತೆರೆದುಕೊಳ್ಳದ ಬಾಗಿಲಿನಂತೆ ಅದು ವರ್ತಿಸುತ್ತದೆ. ಜಾಲತಾಣ ನೋಡುವವರಿಗೆ ಇದರಿಂದ ಏನೂ ತೊಂದರೆಯಿಲ್ಲ, ಅದಕ್ಕೇ ಯಾರ ಗಮನಕ್ಕೂ ಬರುವುದಿಲ್ಲ.

ಮನೆಯ ಜಾಲದಲ್ಲಿ ಒಂದು ಕಂಪ್ಯೂಟರ್ ಇನ್ನೊಂದರ ಹೆಸರನ್ನು ಪತ್ತೆಮಾಡುವುದು, ಈ ಹೆಸರಿನವರು ಯಾರು ಎಂದು ಜಾಲದಲ್ಲಿರುವ ಎಲ್ಲರನ್ನೂ ಕೇಳುವ ಮೂಲಕ. ಆ ಕೂಗು ರೂಟರನ್ನು ದಾಟುವುದಿಲ್ಲ. ಹಾಗಾಗಿ ಹೆಸರಿನಿಂದ ಹುಡುಕಿದರೆ ದಾರಿ ಸಿಗಲಿಲ್ಲ ಎಂದೇ ಬರುತ್ತದೆ.

ಇದು ನಿಜವೇ ಎಂದು ಈಗಲೇ ಪರೀಕ್ಷಿಸಬಹುದು. ಲ್ಯಾಪ್‌ಟಾಪ್‌ನ ಪವರ್‌ಶೆಲ್‌ನಲ್ಲಿ ಟೆಸ್ಟ್-ನೆಟ್‌ಕನೆಕ್ಷನ್ ಆದೇಶಕ್ಕೆ 192.168.1.4 ಎಂಬ ವಿಳಾಸವನ್ನೂ 445 ಎಂಬ ಪೋರ್ಟ್ ಸಂಖ್ಯೆಯನ್ನೂ ಕೊಡಿ. ಎಸ್‌ಎಂಬಿ ಕೇಳಿಸಿಕೊಳ್ಳುವುದು ಟಿಸಿಪಿ 445ರಲ್ಲಿ. ಕೊನೆಯ ಸಾಲಿನಲ್ಲಿ ಟ್ರೂ ಎಂದು ಬಂದರೆ ಅಪ್ಪನ ಕಂಪ್ಯೂಟರ್ ಉತ್ತರ ಕೊಡುತ್ತಿದೆ, ಹೆಸರು ಹುಡುಕುವುದಷ್ಟೇ ಸೋಲುತ್ತಿದೆ ಎಂದರ್ಥ. ಪಿಂಗ್ ಮಾಡಿ ಉತ್ತರ ಬರಲಿಲ್ಲವೆಂದು ಹೆದರಬೇಡಿ. ಫೈರ್‌ವಾಲ್ ಪಿಂಗ್ ಅನ್ನು ತಡೆದು ಎಸ್‌ಎಂಬಿಯನ್ನು ಬಿಡುವುದು ಸಾಧ್ಯ. ಪಿಂಗ್ ಬಂದರೆ ಒಳ್ಳೆಯದು, ಬಾರದಿದ್ದರೆ ಅದರಿಂದ ಏನೂ ಸಾಬೀತಾಗುವುದಿಲ್ಲ.

ಶಾಶ್ವತ ಪರಿಹಾರ: ಮಹಡಿಯ ರೂಟರ್‌ನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ತನ್ನದೇ ಜಾಲ ಕಟ್ಟದೆ ಕೆಳಗಿನ ಜಾಲವನ್ನೇ ಮೇಲೆ ಹರಡುವ ಬಗೆ) ಇದ್ದರೆ ಅದನ್ನು ಆಯ್ದುಕೊಳ್ಳಿ. ಇಲ್ಲದಿದ್ದರೆ ಅದರ ಲ್ಯಾನ್ (ಮನೆಯೊಳಗಿನ ಜಾಲ) ವಿಳಾಸವನ್ನು ಕೆಳಗಿನ ಜಾಲದಲ್ಲಿ ಯಾರೂ ಬಳಸದ ಒಂದಕ್ಕೆ, ಉದಾಹರಣೆಗೆ 192.168.1.250ಕ್ಕೆ ಬದಲಿಸಿ, ಸಾಧನಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯನ್ನು ನಿಲ್ಲಿಸಿ, ಕೇಬಲನ್ನು ವ್ಯಾನ್‌ನಿಂದ ತೆಗೆದು ಲ್ಯಾನ್ ಕಿಂಡಿಗೆ ಹಾಕಿ. ಕೆಲಸ ಈ ಕ್ರಮದಲ್ಲೇ ಆಗಲಿ. ಕೇಬಲ್ ಮೊದಲು ಬದಲಿಸಿದರೆ ಎರಡು ರೂಟರ್‌ಗಳೂ ವಿಳಾಸ ಹಂಚಲು ಶುರುಮಾಡಿ ಇಡೀ ಮನೆಯ ಇಂಟರ್ನೆಟ್ ಗೊಂದಲಕ್ಕೆ ಬೀಳುತ್ತದೆ.

ಕಡಲತಡಿ

ಇಷ್ಟೆಲ್ಲ ಏಕೆ? ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಮೇಲೆ ಹೋದರೆ ಆಯಿತಲ್ಲವೇ? ಇಲ್ಲವಾದರೆ ಕ್ಲೌಡ್ ಇದೆ.

ಪುಟವಿನ್ಯಾಸ

ಕಡಲತಡಿ ಅವರೇ, ಮುದ್ರಣದ ಕೆಲಸದಲ್ಲಿ ಪೆನ್‌ಡ್ರೈವ್ ಬಹಳ ಅಪಾಯದ ವಸ್ತು. ಒಂದೇ ವರದಿಯ ಎರಡು ಪ್ರತಿಗಳು ಹುಟ್ಟಿಕೊಳ್ಳುತ್ತವೆ. ಮೇಲೆ ತಿದ್ದಿದ್ದು ಒಂದು, ಕೆಳಗೆ ಅಚ್ಚಿಗೆ ಹೋದದ್ದು ಇನ್ನೊಂದು. ಮದುವೆಯ ಮುಹೂರ್ತದ ಸಮಯ ಒಂದು ಪ್ರತಿಯಲ್ಲಿ ಮಾತ್ರ ತಿದ್ದಿದ್ದರೆ ಸಾವಿರ ಕಾಗದ ವ್ಯರ್ಥ, ಗಿರಾಕಿಯ ಮುಂದೆ ತಲೆತಗ್ಗಿಸಬೇಕು. ಫೈಲ್ ಒಂದೇ ಜಾಗದಲ್ಲಿದ್ದು ಇಬ್ಬರೂ ಅದನ್ನೇ ತೆರೆಯುವುದಕ್ಕೆ ಬೆಲೆಯಿದೆ. ಚಿತ್ರಗಳಿರುವ ಸ್ಮರಣ ಸಂಚಿಕೆಯಂತಹ ಫೈಲ್‌ಗಳನ್ನು ಕ್ಲೌಡ್‌ಗೆ ಏರಿಸಿ ಇಳಿಸುತ್ತಾ ಕೂರುವುದೂ ಆಗದ ಮಾತು.

ತುಂಗಾತೀರ

ಜಾಲದಾರಿ ಅವರೇ, 445ರ ಪರೀಕ್ಷೆಯಲ್ಲಿ ಟ್ರೂ ಎಂದೇ ಬಂತು. ಆಮೇಲೆ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದೆ. ಈಗ ಲ್ಯಾಪ್‌ಟಾಪ್‌ನ ವಿಳಾಸ 192.168.1.7, ಎರಡಕ್ಕೂ ಗೇಟ್‌ವೇ ಒಂದೇ.

ಆದರೆ \\192.168.1.4 ಎಂದು ಬರೆದು ತೆರೆದರೆ ಬೇರೆ ಸಂದೇಶ ಬರುತ್ತಿದೆ. ನಿಮ್ಮ ಸಂಸ್ಥೆಯ ಭದ್ರತಾ ನೀತಿಯು ಗುರುತು ಹೇಳದ ಅತಿಥಿ ಪ್ರವೇಶವನ್ನು ತಡೆಯುತ್ತದೆ ಎಂಬ ಅರ್ಥದ ಸಂದೇಶ. ಇದು ಮನೆ, ಇಲ್ಲಿ ಯಾವ ಸಂಸ್ಥೆಯೂ ಇಲ್ಲ. ಲ್ಯಾಪ್‌ಟಾಪ್ ಯಾವುದೋ ಕಂಪನಿಯ ಹಿಡಿತದಲ್ಲಿದೆಯೇ ಎಂದು ಅಪ್ಪ ಆತಂಕಪಡುತ್ತಿದ್ದಾರೆ.

ಜಾಲದಾರಿ

ಆತಂಕ ಬೇಡವೆಂದು ಅಪ್ಪನವರಿಗೆ ಹೇಳಿ. ಕಚೇರಿಗಳಿಗಾಗಿ ಬರೆದ ಸಂದೇಶ ಮನೆಯ ಪರದೆಯ ಮೇಲೂ ಬಂದಿದೆ, ಅಷ್ಟೇ. ದೋಷದ ಸಂದೇಶ ಬದಲಾದದ್ದು ಒಳ್ಳೆಯ ಸೂಚನೆ. ದಾರಿ ಸಿಕ್ಕಿದೆ; ಈಗ ನೀವು ಯಾರು ಎಂಬ ಪ್ರಶ್ನೆಯಲ್ಲಿ ನಿಂತಿದ್ದೀರಿ.

ಅಪ್ಪನ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ರಕ್ಷಿತ ಹಂಚಿಕೆಯನ್ನು ಹಿಂದೆಯೇ ಯಾರೋ ನಿಲ್ಲಿಸಿರಬೇಕು. ಆಗ ಅದು ಗುರುತಿಲ್ಲದೆ ಬಂದವರನ್ನೆಲ್ಲ ಗೆಸ್ಟ್ ಎಂಬ ಖಾತೆಯಡಿ ಒಳಗೆ ಬಿಡುತ್ತದೆ. ನಿಮ್ಮ ಹಳೆಯ ಲ್ಯಾಪ್‌ಟಾಪ್ ಅದನ್ನು ಒಪ್ಪಿಕೊಳ್ಳುತ್ತಿತ್ತು. ವಿಂಡೋಸ್ 11 ಪ್ರೊ 24ಎಚ್2 ಆವೃತ್ತಿಯಿಂದ ಒಪ್ಪುವುದಿಲ್ಲ. ಗೆಸ್ಟ್ ಸಂಪರ್ಕದಲ್ಲಿ ಎದುರಿಗಿರುವುದು ನಿಜಕ್ಕೂ ಅಪ್ಪನ ಕಂಪ್ಯೂಟರ್ ಹೌದೇ ಎಂದು ಖಚಿತಪಡಿಸಿಕೊಳ್ಳಲು ಸಹಿ ಹಾಕುವ ವ್ಯವಸ್ಥೆ ಕೆಲಸ ಮಾಡುವುದಿಲ್ಲ, ಅದೇ ಕಾರಣ.

ರಿಜಿಸ್ಟ್ರಿಯಲ್ಲಿ ಒಂದು ಅಂಕಿ ಬದಲಿಸಿ ಅತಿಥಿ ಪ್ರವೇಶವನ್ನು ಮತ್ತೆ ತೆರೆಯಿರಿ ಎಂಬ ಸಲಹೆ ನಿಮಗೆ ಎಲ್ಲೆಡೆ ಸಿಗುತ್ತದೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಸರಿಯಾಗಿ ಮಾಡಲು ತೆಗೆದುಕೊಳ್ಳುವ ಸಮಯವೂ ಅಷ್ಟೇ.

ಅಪ್ಪನ ಕಂಪ್ಯೂಟರ್‌ನಲ್ಲಿ ಹೊಸದೊಂದು ಸಾಮಾನ್ಯ ಬಳಕೆದಾರ ಖಾತೆ ಮಾಡಿ, ಅದಕ್ಕೆ ಪಾಸ್‌ವರ್ಡ್ ಇಡಿ. ಪಾಸ್‌ವರ್ಡ್ ಖಾಲಿ ಬಿಡುವಂತಿಲ್ಲ: ಖಾಲಿ ಪಾಸ್‌ವರ್ಡಿನ ಖಾತೆಯಲ್ಲಿ ಆ ಕಂಪ್ಯೂಟರಿನ ಮುಂದೆ ಕುಳಿತು ಕೆಲಸ ಮಾಡಬಹುದು, ನೆಟ್‌ವರ್ಕ್ ಮೂಲಕ ಒಳಬರಲು ವಿಂಡೋಸ್ ಬಿಡುವುದಿಲ್ಲ. ನೆಟ್‌ವರ್ಕ್ ಮತ್ತು ಶೇರಿಂಗ್ ಸೆಂಟರ್‌ನಲ್ಲಿ ಈ ಜಾಲವನ್ನು ಹೋಮ್ ನೆಟ್‌ವರ್ಕ್ ಎಂದು ಗುರುತಿಸಿ, ಪಾಸ್‌ವರ್ಡ್ ರಕ್ಷಿತ ಹಂಚಿಕೆಯನ್ನು ಚಾಲೂ ಮಾಡಿ. ಲ್ಯಾಪ್‌ಟಾಪ್‌ನಲ್ಲೂ ಈಗಿನ ವೈಫೈ ಪ್ರೈವೇಟ್ ಎಂದಿದೆಯೇ ನೋಡಿ. ರೂಟರ್ ಬದಲಾದಾಗ ವಿಂಡೋಸ್ ಅದನ್ನು ಹೊಸ ಜಾಲವೆಂದು ತಿಳಿದು ಪಬ್ಲಿಕ್ ಎಂದು ಇಟ್ಟಿರಬಹುದು.

ಡಿ ಡ್ರೈವ್‌ನಲ್ಲಿ ಹಂಚಿಕೆಗಾಗಿಯೇ ಒಂದು ಫೋಲ್ಡರ್ ಇರಲಿ. ಇಡೀ ಡ್ರೈವ್ ಹಂಚಬೇಡಿ. ಅನುಮತಿ ಎರಡು ಕಡೆ ಕೊಡಬೇಕು. ಶೇರಿಂಗ್ ಎಂಬಲ್ಲಿರುವುದು ಜಾಲದಿಂದ ಬಂದವರಿಗೆ, ಸೆಕ್ಯುರಿಟಿ ಎಂಬಲ್ಲಿರುವುದು ಡಿಸ್ಕಿನ ಫೈಲ್‌ಗಳಿಗೆ. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ನಡೆಯುತ್ತದೆ. ಶೇರಿಂಗ್‌ನಲ್ಲಿ ಪೂರ್ಣ ಅಧಿಕಾರ ಕೊಟ್ಟು, ಸೆಕ್ಯುರಿಟಿಯಲ್ಲಿ ಓದುವುದಕ್ಕೆ ಮಾತ್ರ ಬಿಟ್ಟರೆ ನೀವು ಓದಬಹುದು, ತಿದ್ದಲಾಗದು.

ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಮತ್ತೆ ತೆರೆದಾಗ ಹೆಸರು, ಪಾಸ್‌ವರ್ಡ್ ಕೇಳುತ್ತದೆ. ಅಪ್ಪನ ಕಂಪ್ಯೂಟರಿನ ಹೆಸರು, ಒಂದು \ ಗುರುತು, ಅದರ ಮುಂದೆ ಹೊಸ ಖಾತೆಯ ಹೆಸರು, ಈ ಕ್ರಮದಲ್ಲಿ ಬರೆಯಿರಿ. ಬರೀ ಖಾತೆಯ ಹೆಸರು ಬರೆದರೆ ಅದು ಯಾವ ಕಂಪ್ಯೂಟರಿನ ಖಾತೆ ಎಂಬ ಗೊಂದಲ ಬರಬಹುದು.

ಕಡಲತಡಿ

ಪುಟವಿನ್ಯಾಸ ಅವರ ಮಾತನ್ನು ಒಪ್ಪುತ್ತೇನೆ. ಈ ಚರ್ಚೆ ಓದಿ ನಮ್ಮ ಮನೆಯಲ್ಲೂ ಪ್ರಯತ್ನಿಸಿದೆ. ಎರಡೂ ವಿಂಡೋಸ್ 11 ಹೋಮ್. ಎರಡಕ್ಕೂ ಮೈಕ್ರೋಸಾಫ್ಟ್ ಖಾತೆಯಿದ್ದು, ನಾಲ್ಕು ಅಂಕಿಯ ಪಿನ್ ಹಾಕಿ ಒಳಗೆ ಹೋಗುತ್ತೇವೆ. ಹಂಚಿಕೆಯ ಕಿಟಕಿಯಲ್ಲಿ ಅದೇ ಪಿನ್ ಕೊಟ್ಟರೆ ತಪ್ಪು ಎನ್ನುತ್ತದೆ.

ಜಾಲದಾರಿ

ಪಿನ್ ಇರುವುದು ಆ ಒಂದು ಯಂತ್ರಕ್ಕೆ ಮಾತ್ರ, ಅದು ಜಾಲದ ಮೇಲೆ ನಡೆಯುವುದಿಲ್ಲ. ಬಳಕೆದಾರ ಹೆಸರಿಗೆ ಪೂರ್ಣ ಇಮೇಲ್ ವಿಳಾಸ ಕೊಟ್ಟು, ಮೈಕ್ರೋಸಾಫ್ಟ್ ಖಾತೆಯ ನಿಜವಾದ ಪಾಸ್‌ವರ್ಡ್ ಕೊಡಬೇಕು. ಖಾತೆ ತೆರೆದ ದಿನದಿಂದ ಬರೀ ಪಿನ್ ಬಳಸಿದವರಿಗೆ ಇದರಿಂದಲೂ ತೊಡಕಾಗುವುದುಂಟು. ನನ್ನ ಸಲಹೆ ಮೇಲಿನದೇ: ಫೈಲ್ ಇರುವ ಕಂಪ್ಯೂಟರ್‌ನಲ್ಲಿ ಹಂಚಿಕೆಗೆಂದೇ ಒಂದು ಸ್ಥಳೀಯ ಖಾತೆ. ನಿಮ್ಮ ಇಮೇಲ್‌ನ ಪಾಸ್‌ವರ್ಡನ್ನು ಮನೆಯ ಪ್ರತಿ ಯಂತ್ರದಲ್ಲೂ ಬರೆದಿಡುವ ಪ್ರಮೇಯ ಬರುವುದಿಲ್ಲ.

ಮೊದಲು ತಪ್ಪು ಗುರುತು ಕೊಟ್ಟಿದ್ದರೆ ವಿಂಡೋಸ್ ಅದನ್ನೇ ನೆನಪಿಟ್ಟುಕೊಂಡು ಮತ್ತೆ ಮತ್ತೆ ಕಳಿಸುತ್ತಿರಬಹುದು. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಆ ಕಂಪ್ಯೂಟರಿನ ಹೆಸರಿನ ನಮೂದನ್ನು ಅಳಿಸಿ. 1219 ಎಂಬ ದೋಷ ಬಂದರೆ, ಒಂದೇ ಕಂಪ್ಯೂಟರಿಗೆ ಎರಡು ಬೇರೆ ಖಾತೆಗಳಿಂದ ಹೋಗಲು ಯತ್ನಿಸುತ್ತಿದ್ದೀರಿ ಎಂದರ್ಥ. ಹಳೆಯ ಸಂಪರ್ಕ ಕಡಿದುಕೊಳ್ಳಲು ಲಾಗ್ ಆಫ್ ಆಗಿ ಮತ್ತೆ ಬಂದರೆ ಸಾಕು.

ತುಂಗಾತೀರ

ತೆರೆಯಿತು! ಅಪ್ಪ ಕೆಳಗಿನಿಂದ ಒಂದು ಫೈಲ್ ಹಾಕಿದರು, ಮೇಲೆ ತಕ್ಷಣ ಕಂಡಿತು. ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದ.

ಎರಡು ತೊಡಕು ಉಳಿದಿವೆ. ಕೆಲವು ಫೈಲ್‌ಗಳು ಮಾತ್ರ ಅನುಮತಿಯಿಲ್ಲ ಎನ್ನುತ್ತವೆ. ತೆರೆದ ಫೈಲ್‌ಗಳಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಯ ಮೇಲೆ ಗೆರೆ, ಚುಕ್ಕೆ. ವರ್ಗಾವಣೆಯಲ್ಲಿ ಫೈಲ್ ಕೆಟ್ಟಿತೇ?

ಪುಟವಿನ್ಯಾಸ

ಫೈಲ್ ಕೆಟ್ಟಿಲ್ಲ, ಧೈರ್ಯವಾಗಿರಿ. ಅಪ್ಪನವರು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿದ್ದಾರೆ. ಅವು ಯೂನಿಕೋಡ್ ಅಲ್ಲ, ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಪದ್ಧತಿಯವಲ್ಲ. ಆ ವ್ಯವಸ್ಥೆಯಲ್ಲಿ ಫೈಲಿನೊಳಗೆ ನಿಜವಾಗಿ ಇರುವುದು ರೋಮನ್ ಅಕ್ಷರಗಳ ಸಂಕೇತಗಳೇ. ನುಡಿ ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಬರೆಯುತ್ತದೆ. ಫಾಂಟ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ರೋಮನ್ ಆಗಿಯೇ ಕಾಣುತ್ತದೆ. ಅಪ್ಪನವರು ಬಳಸಿದ ಅದೇ ಫಾಂಟನ್ನು ಲ್ಯಾಪ್‌ಟಾಪ್‌ಗೂ ಹಾಕಿ. ಹತ್ತಿರದ ಹೆಸರಿನ ಬೇರೊಂದು ಫಾಂಟ್ ಹಾಕಿದರೆ ಪದಗಳ ಅಗಲ ಬದಲಾಗಿ ಸಾಲು ಮುರಿಯುವ ಜಾಗ ಸರಿದುಬಿಡುತ್ತದೆ, ಕರಡು ನೋಡುವುದೇ ವ್ಯರ್ಥವಾಗುತ್ತದೆ. ಆ ಫೈಲನ್ನು ಅವಸರದಲ್ಲಿ ಯೂನಿಕೋಡ್‌ಗೆ ಪರಿವರ್ತಿಸಿ ಅದೇ ಹೆಸರಿನಲ್ಲಿ ಉಳಿಸಬೇಡಿ. ಅಪ್ಪನವರ ಹಳೆಯ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಸರಿಯಾಗಿ ತೋರಿಸದಿದ್ದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗುತ್ತವೆ.

ಜಾಲದಾರಿ

ಅನುಮತಿಯ ವಿಷಯ: ಆ ಕೆಲವು ಫೈಲ್‌ಗಳನ್ನು ಅಪ್ಪನವರು ಡಿ ಡ್ರೈವ್‌ನದೇ ಬೇರೆ ಫೋಲ್ಡರಿನಿಂದ ಕಟ್ ಮಾಡಿ ತಂದಿದ್ದಾರೆಯೇ? ಒಂದೇ ಡ್ರೈವ್‌ನೊಳಗೆ ಸ್ಥಳಾಂತರಿಸಿದ ಫೈಲ್ ತನ್ನ ಹಳೆಯ ಅನುಮತಿಗಳನ್ನು ಹೊತ್ತುಕೊಂಡೇ ಬರುತ್ತದೆ. ಕಾಪಿ ಮಾಡಿದರೆ ಹೊಸ ಫೋಲ್ಡರಿನ ಅನುಮತಿ ಪಡೆಯುತ್ತದೆ. ಹಂಚಿದ ಫೋಲ್ಡರಿನ ಸೆಕ್ಯುರಿಟಿ ಪುಟದಲ್ಲಿ ಅಡ್ವಾನ್ಸ್ಡ್‌ಗೆ ಹೋಗಿ, ಒಳಗಿನ ಎಲ್ಲ ಫೈಲ್‌ಗಳಿಗೂ ಈ ಫೋಲ್ಡರಿನ ಅನುಮತಿಯನ್ನೇ ಅನ್ವಯಿಸುವ ಆಯ್ಕೆಗೆ ಗುರುತು ಹಾಕಿ.

ಬಯಲುಸೀಮೆ

ಕನ್ನಡದಲ್ಲಿ ಫೈಲ್ ಹೆಸರು ಇಡುವವರಿಗೆ ನನ್ನ ಕಡೆಯಿಂದ ಒಂದು ವಿಷಯ. ನಮ್ಮ ಮನೆಯಲ್ಲಿ ಫೈಲ್‌ಗಳೆಲ್ಲ ಉಬುಂಟು ಲಿನಕ್ಸ್ ಯಂತ್ರದಲ್ಲಿ, ಎಸ್‌ಎಂಬಿ ನಡೆಸುವ ಸಾಂಬಾ ಎಂಬ ತಂತ್ರಾಂಶದ ಮೂಲಕ ಹಂಚಿಕೆ. ಉದ್ದನೆಯ ಕನ್ನಡ ಹೆಸರಿನ ಫೈಲ್‌ಗಳು ವಿಂಡೋಸ್‌ನಿಂದ ಅಲ್ಲಿಗೆ ಹೋಗದೆ ನಿಂತುಬಿಡುತ್ತವೆ, ಇಂಗ್ಲಿಷ್ ಹೆಸರಿನವು ಸಲೀಸಾಗಿ ಹೋಗುತ್ತವೆ. ಕಾರಣ ಲೆಕ್ಕದಲ್ಲಿದೆ. ಲಿನಕ್ಸ್‌ನ ಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆಯಿರುವ ಡಿಸ್ಕಿನಲ್ಲಿ ಹೆಸರಿನ ಮಿತಿ 255 ಬೈಟ್. ಯೂನಿಕೋಡ್ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಹಾಗಾಗಿ 85 ಸಂಕೇತಕ್ಕೆ ಮಿತಿ ಮುಗಿಯುತ್ತದೆ. ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ: ಲಗ್ನಪತ್ರಿಕೆ ಎಂಬ ಒಂದೇ ಪದ 11 ಸಂಕೇತ, 33 ಬೈಟ್. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ ಮಿತಿಯನ್ನು ಬೈಟ್‌ನಲ್ಲಿ ಎಣಿಸುವುದಿಲ್ಲ, ಅಲ್ಲಿ ಕನ್ನಡಕ್ಕೂ 255ರ ಅವಕಾಶವಿದೆ. ಒಂದು ಕಡೆ ಇದ್ದ ಹೆಸರು ಇನ್ನೊಂದು ಕಡೆ ಹಿಡಿಸದಿರುವುದು ಹೀಗೆ. ವಧು, ವರ, ಊರು, ದಿನಾಂಕ ಎಲ್ಲವನ್ನೂ ಹೆಸರಿನಲ್ಲೇ ಬರೆಯುವ ಅಭ್ಯಾಸವಿರುವವರು ಗಮನಿಸಿ.

ಸಾಂಬಾದಲ್ಲಿ ಇನ್ನೊಂದು: ಲಿನಕ್ಸ್‌ನ ಲಾಗಿನ್ ಪಾಸ್‌ವರ್ಡ್ ಅಲ್ಲಿ ತಾನಾಗಿ ನಡೆಯುವುದಿಲ್ಲ. ಎಸ್‌ಎಂಬಿಪಾಸ್‌ಡಬ್ಲ್ಯುಡಿ (smbpasswd) ಆದೇಶದಿಂದ ಅದೇ ಬಳಕೆದಾರರಿಗೆ ಬೇರೆಯಾಗಿ ಪಾಸ್‌ವರ್ಡ್ ಇಡಬೇಕು.

ಕಡಲತಡಿ

ಮ್ಯಾಕ್ ಇರುವವರೂ ಒಂದು ಮಾತು ತಿಳಿದಿರಲಿ. ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕುಗಳು ೀ, ೇ, ೋ ಮುಂತಾದ ದೀರ್ಘ ಚಿಹ್ನೆಗಳನ್ನು ಬಿಡಿಸಿ ಎರಡು ಮೂರು ಸಂಕೇತಗಳಾಗಿ ಇಡುತ್ತವೆ. ದೀಪಾವಳಿ ಎಂಬ ಹೆಸರಿನ ಫೈಲ್ ಮ್ಯಾಕ್‌ನಿಂದ ಬಂದದ್ದು ಮತ್ತು ವಿಂಡೋಸ್‌ನಲ್ಲಿ ಹುಟ್ಟಿದ್ದು ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲ್ ಕಂಡು ನನ್ನ ತಂಗಿ ಗಾಬರಿಯಾಗಿದ್ದಳು. ಅಳಿಸುವ ಮುನ್ನ ಎರಡನ್ನೂ ತೆರೆದು ನೋಡಿ, ಒಳಗಿನ ವಿಷಯ ಬೇರೆ ಇರಬಹುದು.

ತುಂಗಾತೀರ

ಫಾಂಟ್ ಹಾಕಿದೆ, ಅನುಮತಿ ಸರಿಪಡಿಸಿದೆ. ಈಗ ಎಲ್ಲವೂ ಸರಿಯಾಗಿದೆ. ವೇಗ ಮಾತ್ರ ಸಾಲದು. ದೊಡ್ಡ ಫೈಲ್ ನಕಲಿಸುವಾಗ ಸೆಕೆಂಡಿಗೆ 11 ಎಂಬಿ ದಾಟುವುದಿಲ್ಲ. ಲ್ಯಾಪ್‌ಟಾಪನ್ನು ಕೇಬಲ್‌ನಿಂದ ರೂಟರ್‌ಗೆ ಜೋಡಿಸಿದರೂ ಅಷ್ಟೇ.

ಜಾಲದಾರಿ

11 ಎಂಬುದೇ ಉತ್ತರ ಹೇಳುತ್ತಿದೆ. ದಾರಿಯಲ್ಲಿ ಎಲ್ಲೋ 100 ಎಂಬಿಪಿಎಸ್‌ನ ಕೊಂಡಿಯಿದೆ. ಅದು ಸೆಕೆಂಡಿಗೆ 100 ಮೆಗಾಬಿಟ್; ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಎಂಟರಿಂದ ಭಾಗಿಸಿದರೆ 12.5, ಖರ್ಚು ಕಳೆದು ಕೈಗೆ ಸಿಗುವುದು ಸುಮಾರು 11. ಗಿಗಾಬಿಟ್ ಆಗಿದ್ದರೆ ಇದರ ಹತ್ತರಷ್ಟು ಸಿಗಬೇಕು. ಎರಡೂ ಕಂಪ್ಯೂಟರ್‌ಗಳಲ್ಲಿ ಕೇಬಲ್ ಸಂಪರ್ಕದ ವೇಗ ಎಷ್ಟೆಂದು ನೋಡಿ. ಗಿಗಾಬಿಟ್‌ಗೆ ಕೇಬಲಿನ ಎಂಟೂ ತಂತಿಗಳು ಬೇಕು. ನಾಲ್ಕನ್ನೇ ಒತ್ತಿ ಕೂರಿಸಿದ ಕೇಬಲ್ 100ರಲ್ಲೇ ನಡೆಯುತ್ತದೆ. ಕಡಿಮೆ ಬೆಲೆಯ ರೂಟರ್‌ಗಳಲ್ಲಿ ಕಿಂಡಿಗಳೇ 100ರವು ಇರುತ್ತವೆ. ಹಾಗಿದ್ದರೆ ಮನೆಗೊಂದು ಗಿಗಾಬಿಟ್ ಸ್ವಿಚ್ ತಂದು ಎರಡೂ ಕಂಪ್ಯೂಟರನ್ನು ಅದಕ್ಕೆ ಜೋಡಿಸಿ.

ಕೊನೆಯದಾಗಿ, ಇದು ನನಗೆ ವೇಗಕ್ಕಿಂತ ಮುಖ್ಯ. ವಿಂಡೋಸ್ 7ಕ್ಕೆ 2020ರ ಜನವರಿ 14ರಿಂದ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲವಿಲ್ಲ. ಆ ಯಂತ್ರ ಇಂಟರ್ನೆಟ್‌ಗೆ ಹೋಗುವುದನ್ನು ನಿಲ್ಲಿಸಿ, ಮನೆಯೊಳಗೆ ಮಾತ್ರ ಬಳಸಿ. ಅಪ್ಪನವರ ವರ್ಷಗಳ ಶ್ರಮ ಆ ಡಿಸ್ಕಿನಲ್ಲಿದೆ.

ಬಯಲುಸೀಮೆ

ಅದಕ್ಕೆ ಸುಲಭ ದಾರಿಯಿದೆ. ವಿಂಡೋಸ್ 7ರಲ್ಲಿ ಐಪಿ ವಿಳಾಸವನ್ನು ಕೈಯಾರೆ ಕೊಟ್ಟು ಡೀಫಾಲ್ಟ್ ಗೇಟ್‌ವೇ ಖಾಲಿ ಬಿಡಿ. ಮನೆಯೊಳಗಿನ ಹಂಚಿಕೆ ನಡೆಯುತ್ತದೆ, ಹೊರಗೆ ಹೋಗುವುದಿಲ್ಲ.

ಜಾಲದಾರಿ

ಆ ದಾರಿಯಲ್ಲಿ ಒಂದು ಮುಳ್ಳಿದೆ, ಬಯಲುಸೀಮೆ ಅವರೇ. ಗೇಟ್‌ವೇ ಇಲ್ಲದ ಜಾಲವನ್ನು ವಿಂಡೋಸ್ ಗುರುತಿಸಲಾಗದ ಜಾಲವೆಂದು ಬಗೆದು ಪಬ್ಲಿಕ್ ಎಂದು ಇಡುತ್ತದೆ. ಆಗ ಫೈರ್‌ವಾಲ್ ಹಂಚಿಕೆಯನ್ನು ಮುಚ್ಚುತ್ತದೆ, ತುಂಗಾತೀರ ಅವರು ಮತ್ತೆ ಮೊದಲಿನ ದೋಷಕ್ಕೇ ಬರುತ್ತಾರೆ. ಗೇಟ್‌ವೇ ಹಾಗೇ ಇರಲಿ. ಕೆಳಗಿನ ರೂಟರ್‌ನಲ್ಲಿ ಆಕ್ಸೆಸ್ ಕಂಟ್ರೋಲ್ ಅಥವಾ ಪೇರೆಂಟಲ್ ಕಂಟ್ರೋಲ್ ಎಂಬ ಭಾಗದಲ್ಲಿ ಆ ಒಂದು ಯಂತ್ರಕ್ಕೆ ಇಂಟರ್ನೆಟ್ ನಿಲ್ಲಿಸಿ. ಅದೇ ರೂಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಅದಕ್ಕೆ 192.168.1.4 ಅನ್ನು ಕಾಯ್ದಿರಿಸಿದರೆ ವಿಳಾಸವೂ ಬದಲಾಗುವುದಿಲ್ಲ, ಹಂಚಿದ ಫೋಲ್ಡರನ್ನು ಲ್ಯಾಪ್‌ಟಾಪ್‌ನಲ್ಲಿ ಒಂದು ಡ್ರೈವ್ ಅಕ್ಷರಕ್ಕೆ ಜೋಡಿಸಿಟ್ಟುಕೊಳ್ಳಬಹುದು.

ನೀವು ಮೇಲಿನಿಂದ ಅಳಿಸಿದ ಫೈಲ್ ಅಪ್ಪನವರ ರೀಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರವಾಗಿ ಅಳಿಯುತ್ತದೆ. ಆದ್ದರಿಂದ ಹೊರಗಿನ ಹಾರ್ಡ್‌ಡಿಸ್ಕಿಗೆ ಒಂದು ಪ್ರತಿ ತೆಗೆಯುವುದನ್ನು ಈ ವಾರವೇ ಶುರುಮಾಡಿ. ಪ್ರತಿ ತೆಗೆದ ಮೇಲೆ ಆ ಡಿಸ್ಕನ್ನು ಕಂಪ್ಯೂಟರಿನಿಂದ ಬಿಚ್ಚಿಡಿ.

ತುಂಗಾತೀರ

ರೂಟರ್‌ನಲ್ಲಿ ಆಕ್ಸೆಸ್ ಕಂಟ್ರೋಲ್ ಸಿಕ್ಕಿತು, ಅಪ್ಪನ ಯಂತ್ರಕ್ಕೆ ಇಂಟರ್ನೆಟ್ ನಿಲ್ಲಿಸಿದ್ದೇನೆ, ಹಂಚಿಕೆ ನಡೆಯುತ್ತಿದೆ. ಮಹಡಿಗೆ ಬರುವ ಕೇಬಲಿನಲ್ಲಿ ನಾಲ್ಕೇ ತಂತಿ ಒತ್ತಿರುವುದು ಕಂಡಿತು. ಅದನ್ನು ಹೊಸದಾಗಿ ಎಳೆಸುತ್ತೇವೆ. ಹಾರ್ಡ್‌ಡಿಸ್ಕಿಗೆ ಸಹಕಾರ ಸಂಘದ ವರದಿಗಳ ನಕಲು ಈಗ ಹೋಗುತ್ತಿದೆ.